ಕಣ್ಣು ಹೋದ ಕಡೆ ಬೈಕು

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಬೈಕು ಕಲಿಯಲು ನಿರ್ಧರಿಸಿದೆ. 'ಕಲಿಯಲು' ಎಂದರೆ ನನ್ನ ಘನತೆಗೆ ಕುಂದು. ಪಳಗಿಸಲು! ಆ ಎರಡು ಚಕ್ರದ ಪ್ರಾಣಿಯನ್ನು ಪಳಗಿಸಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಊರಾಚೆ ನಲವತ್ತು ಕಿಲೋಮೀಟರ್ ದೂರದ ಗುಡ್ಡದ ಮೇಲಿರುವ ಕೆರೆಯ ದಡಕ್ಕೆ ಗಾಳಿಯ ಹಾಗೆ ಹೋಗಿ ಗಾಳಿಯ ಹಾಗೆ ಬರುವುದು. ಈ ಮಹಾಸಂಕಲ್ಪವನ್ನು ನಾನು ಒಂದು ಸೋಮವಾರ ಬೆಳಿಗ್ಗೆ ಕನ್ನಡಿಯ ಮುಂದೆ ಹಲ್ಲುಜ್ಜುತ್ತ, ಬಾಯಿ ತುಂಬ ನೊರೆ ಇಟ್ಟುಕೊಂಡು ಘೋಷಿಸಿದೆ. ಹಾಗಾಗಿ ಯಾರಿಗೂ ಅರ್ಥವಾಗಲಿಲ್ಲ. ಬಾಯಿ ಮುಕ್ಕಳಿಸಿ ಇನ್ನೊಮ್ಮೆ ಘೋಷಿಸಬೇಕಾಯಿತು.

"ಏನು ಓಡಿಸ್ತೀರಿ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಬೈಕು!"

"ಯಾರ ಮೇಲೆ?"

ನನ್ನ ಹೆಂಡತಿಯ ಮಾತು ಹೀಗಿರಲು ಕಾರಣವಿದೆ. ಅವಳು ಹತ್ತೊಂಬತ್ತು ವರ್ಷದಿಂದ ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಬೈಕ್ ಸವಾರರನ್ನು ಲೋಕವೆಲ್ಲ ಹೊರಗಿನಿಂದ ನೋಡುತ್ತದೆ, ಇವಳು ಒಳಗಿನಿಂದ ನೋಡಿದ್ದಾಳೆ. ಬೀದಿಯಲ್ಲಿ ಯಾವನಾದರೂ ಯುವಕ ಬೈಕಿನ ಮೇಲೆ ಎದೆ ಸೆಟೆಸಿ ಹೋದರೆ ನಾವೆಲ್ಲ ಅವನ ಅಂಗಿಯನ್ನು ನೋಡುತ್ತೇವೆ. ಇವಳು ಮಾತ್ರ, "ಈ ಹುಡುಗನ ಬಲಗೈ ಮೂಳೆ ಎರಡು ಕಡೆ ಕೂಡಿದೆ, ಪಾಪ" ಎನ್ನುತ್ತಾಳೆ.

ನನ್ನ ಕಸುಬನ್ನೂ ಹೇಳಿಬಿಡುತ್ತೇನೆ. ನನ್ನದು ಕನ್ನಡಕದ ಅಂಗಡಿ. ಇಪ್ಪತ್ತಾರು ವರ್ಷದಿಂದ ಈ ಊರಿನ ಮೂಗುಗಳ ಮೇಲೆ, ಕಿವಿಗಳ ಹಿಂದೆ ಕನ್ನಡಕ ಕೂರಿಸಿದವನು ನಾನು. ಫ್ರೇಮು ಬಿಸಿ ಮಾಡಿ ಬಗ್ಗಿಸಿ, ಕಿವಿಗೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದೆನೆಂದರೆ ಕೂದಲೆಳೆಯಷ್ಟು ಓರೆಯೂ ತಪ್ಪಿಸಿಕೊಳ್ಳುವಂತಿಲ್ಲ. ಇದರಿಂದ ಒಂದು ರೋಗ ಅಂಟಿದೆ. ಮನುಷ್ಯರ ಮುಖ ನೋಡಿದರೆ ನನಗೆ ಮುಖವೇ ಕಾಣುವುದಿಲ್ಲ. ಕನ್ನಡಕ ಸಮವಾಗಿದೆಯೋ ಇಲ್ಲವೋ ಅಷ್ಟೇ ಕಾಣುತ್ತದೆ. ಸಂಬಂಧಿಕರೊಬ್ಬರು ತಮ್ಮ ಹೊಸ ಅಳಿಯನನ್ನು ಪರಿಚಯಿಸಿ, "ಹೇಗಿದ್ದಾರೆ?" ಎಂದು ಹೆಮ್ಮೆಯಿಂದ ಕೇಳಿದಾಗ, "ಎಡಗಡೆ ಸ್ವಲ್ಪ ಇಳಿದಿದ್ದಾರೆ" ಎಂದುಬಿಟ್ಟಿದ್ದೆ. ಅವರ ಮನೆಗೆ ಈಗ ನಾವು ಹೋಗುವುದಿಲ್ಲ.

ಬೈಕಿನ ಆಸೆ ನನಗೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅದಕ್ಕೆ ಇಪ್ಪತ್ತಮೂರು ವರ್ಷ ವಯಸ್ಸು. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಬಸ್ಸಿನಲ್ಲಿ ಎಲ್ಲಿಗೋ ಹೋಗುತ್ತಿದ್ದೆವು. ಅವಳು ಕಿಟಕಿ ಪಕ್ಕ. ಮಧ್ಯಾಹ್ನದ ಬಿಸಿಲು, ಬಸ್ಸಿನ ತೂಗಾಟ, ಇಬ್ಬರಿಗೂ ಅರ್ಧ ನಿದ್ದೆ. ಆಗ ಒಂದು ಬೈಕು ನಮ್ಮ ಬಸ್ಸನ್ನು ಹಿಂದೆ ಹಾಕಿ ಮುಂದೆ ಹೋಯಿತು. ಅದರ ಮೇಲೆ ನಮ್ಮದೇ ವಯಸ್ಸಿನ ಜೋಡಿ. ಅವರು ತಿರುವಿನಲ್ಲಿ ಮರೆಯಾಗುವವರೆಗೂ ನನ್ನವಳು ಕಿಟಕಿಗೆ ಹಣೆ ಒತ್ತಿ ನೋಡಿ, "ರೀ, ನಾವೂ ಒಂದ್ಸಲ ಹೀಗೆ ಹೋಗ್ಬೇಕು" ಎಂದಳು. "ಅದಕ್ಕೇನಂತೆ!" ಎಂದೆ ನಾನು. ಆಮೇಲೆ ಅಂಗಡಿ, ಬಾಡಿಗೆ, ಮಗಳು, ಮಗಳ ಶಾಲೆ, ಮಗಳ ಹಾಸ್ಟೆಲ್ಲು. 'ಅದಕ್ಕೇನಂತೆ' ಎಂಬುದು ಬರೀ ಮಾತಾಗಿಯೇ ಉಳಿದುಬಿಟ್ಟಿತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅಂಗಡಿಯ ನಾಲ್ಕು ಗೋಡೆಯ ಕನ್ನಡಿಗಳ ನಡುವೆ ಕೂತು ನಾನು ಬೇರೇನೂ ಮಾಡುತ್ತಿರಲಿಲ್ಲ, ಬೈಕು ಓಡಿಸುತ್ತಿದ್ದೆ. ಸ್ಟೂಲಿನ ಮೇಲೆ ಕೂತು, ಕಣ್ಣು ಅರೆಮುಚ್ಚಿ, ಎಷ್ಟೋ ಸಾವಿರ ಮೈಲಿ ಹೋಗಿದ್ದೇನೆ. ಹಿಂದೆ ಅವಳು ಕೂತಿರುತ್ತಿದ್ದಳು, ಎರಡೂ ಬದಿಗೆ ಹೊಲಗಳು ನಿಧಾನವಾಗಿ ತಿರುಗುತ್ತಿದ್ದವು. ಗಿರಾಕಿ ಬಂದು ಕೆಮ್ಮಿದರೆ ಬ್ರೇಕು ಹಾಕುತ್ತಿದ್ದೆ.

ಇದನ್ನೆಲ್ಲ ಆ ಸೋಮವಾರ ಅವಳಿಗೆ ಬಿಡಿಸಿ ಹೇಳಿದೆ. ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು, ರೋಗಿಯನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

"ನಾನು ಹಿಂದೆ ಕೂತ್ಕೋಬೇಕು, ಅಷ್ಟೇ ತಾನೆ?"

"ಅಷ್ಟೇ!"

"ಕೂತ್ಕೋತೀನಿ. ಆದ್ರೆ ಮೊದಲು ನೀವು ಒಬ್ಬರೇ ಇಲ್ಲಿಂದ ನೀರಿನ ಟ್ಯಾಂಕಿನವರೆಗೂ ಹೋಗಿ ವಾಪಸ್ ಬರ್ಬೇಕು. ಒಂದಿನ ಅಲ್ಲ, ಬಿಡದೆ ಹತ್ತು ದಿನ. ಎಲ್ಲೂ ಬೀಳ್ದೆ, ಯಾರಿಗೂ ಗುದ್ದದೆ. ಹತ್ತನೇ ದಿನ ಸಂಜೆ ನಾನಾಗೇ ಬಂದು ಹಿಂದೆ ಕೂತ್ಕೋತೀನಿ. ಒಂದಿನ ತಪ್ಪಿದ್ರೂ ಬೈಕಿನ ಮಾತು ಈ ಮನೇಲಿ ಮತ್ತೆ ಬರ್ಕೂಡ್ದು. ಒಪ್ಪಿಗೇನಾ?"

"ಹತ್ತೇನು, ನೂರು ದಿನ!" ಎಂದು ಇಲ್ಲದ ಮೀಸೆ ತಿರುವಿದೆ.

ಬೈಕನ್ನು ತಂದುಕೊಟ್ಟವನು ನನ್ನ ಭಾವಮೈದುನ, ಅಂದರೆ ಅವಳ ತಮ್ಮ. ಅವನಿಗೆ ಸ್ವಂತ ಗ್ಯಾರೇಜಿದೆ. ಯಾರೋ ಬಿಟ್ಟುಹೋದ ಹನ್ನೆರಡು ವರ್ಷದ ಹಳೆಯ ಬೈಕೊಂದನ್ನು ತೊಳೆದು ಒರೆಸಿ ನಮ್ಮ ಅಂಗಳಕ್ಕೆ ಓಡಿಸಿಕೊಂಡು ಬಂದ. ಅದು ಗೇಟಿನ ಹತ್ತಿರ ಮೂರು ಸಲ ಕೆಮ್ಮಿ ನಿಂತಿತು. ಹೆಂಡತಿ ಹೊರಗೆ ಬಂದು ಅದರ ಸುತ್ತ ಒಂದು ಸುತ್ತು ಹಾಕಿದಳು.

"ಎಷ್ಟು ದಿನದಿಂದ ಕೆಮ್ಮು?" ಎಂದು ತಮ್ಮನನ್ನು ಕೇಳಿದಳು.

"ಅಕ್ಕ, ಅದು ಇಂಜಿನ್ ತಣ್ಣಗಿದೆ, ಅದಕ್ಕೆ."

"ಸರಿ. ರಾತ್ರಿ ಹೊತ್ತು ಜಾಸ್ತಿ ಆದ್ರೆ ಕರ್ಕೊಂಡು ಬಾ."

ಶಾಲೆಯ ಹಿಂದಿನ ಮೈದಾನದಲ್ಲಿ ಭಾವಮೈದುನನ ಪಾಠ ಶುರುವಾಯಿತು. ಕ್ಲಚ್ಚು ಬಿಟ್ಟ ಕೂಡಲೇ ಬೈಕು ಕಪ್ಪೆಯಂತೆ ಒಂದು ಸಲ ನೆಗೆದು ಸತ್ತುಹೋಗುತ್ತಿತ್ತು. ಇಪ್ಪತ್ತು ಸಲ ನೆಗೆದೆವು. ಅವನು ಹೇಳಿದ, "ಭಾವ, ಕ್ಲಚ್ ಹಾಗೆ ಬಿಡೋದಲ್ಲ. ಮಗು ನಿಮ್ಮ ತೋಳಿನ ಮೇಲೆ ಮಲಗಿದೆ, ಈಗ ತಾನೆ ನಿದ್ದೆ ಬಂದಿದೆ ಅಂದ್ಕೊಳ್ಳಿ. ಅದರ ತಲೆ ಕೆಳಗಿಂದ ಕೈ ತೆಗೆಯೋದು ಹೇಗೆ? ಹಾಗೆ ಬಿಡ್ಬೇಕು."

ನಾನು ಹಾಗೇ ಬಿಟ್ಟೆ. ಮಗು ಪ್ರತಿ ಸಲವೂ ಎದ್ದು ಕಿರುಚಿತು. ನಾಲ್ಕನೆಯ ದಿನ ಮಾತ್ರ ಏನಾಯಿತೋ, ಅದು ಎಚ್ಚರಗೊಳ್ಳದೆ ಮೆಲ್ಲಗೆ ಮುಂದೆ ಸಾಗಿತು. ಮೈದಾನದ ಹುಲ್ಲು ನನ್ನ ಕಾಲ ಕೆಳಗೆ ತಾನೇ ತಾನಾಗಿ ಹರಿಯುತ್ತಿತ್ತು. ನನ್ನ ಎದೆ ಉಬ್ಬಿ ಅಂಗಿಯ ಗುಂಡಿಗೆ ಕಷ್ಟವಾಯಿತು.

ಆಮೇಲೆ ಅವನು ಇಡೀ ಮೈದಾನದ ನಟ್ಟನಡುವೆ ಖಾಲಿ ಆಯಿಲ್ ಡಬ್ಬವೊಂದನ್ನು ಇಟ್ಟು, "ಇದಕ್ಕೆ ತಾಗಿಸ್ದೆ ಒಂದು ಸುತ್ತು ಬನ್ನಿ" ಎಂದ. ಮೈದಾನದಲ್ಲಿ ಆನೆಗಳ ಹಿಂಡು ಹೋಗುವಷ್ಟು ಜಾಗವಿತ್ತು. ಇದ್ದದ್ದು ಒಂದೇ ಡಬ್ಬ. ಆರು ಸಲ ಹೋದೆ, ಆರು ಸಲವೂ ಅದಕ್ಕೇ ಗುದ್ದಿದೆ!

"ಡಬ್ಬ ನೋಡ್ಬೇಡಿ ಭಾವ!"

"ನೋಡ್ದೆ ಇದ್ರೆ ತಪ್ಪಿಸೋದು ಹೇಗಯ್ಯಾ?"

"ಅದೇ ಇದರ ಗುಟ್ಟು. ಬೈಕು ಕೈ ಹೋದ ಕಡೆ ಹೋಗಲ್ಲ, ಕಣ್ಣು ಹೋದ ಕಡೆ ಹೋಗುತ್ತೆ. ಗುಂಡಿ ನೋಡಿದ್ರೆ ಗುಂಡಿಗೆ, ಕಂಬ ನೋಡಿದ್ರೆ ಕಂಬಕ್ಕೆ. ನೀವು ಹೋಗ್ಬೇಕಾದ ಜಾಗ ನೋಡಿ. ತಿರುವಿದ್ರೆ ತಿರುವಿನ ಆ ಕೊನೆ ನೋಡಿ. ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ."

"ಇಪ್ಪತ್ತಾರು ವರ್ಷದಿಂದ ಊರವರ ಕಣ್ಣು ನೋಡಿದೋನು ನಾನು. ಎಲ್ಲಿ ನೋಡ್ಬೇಕು ಅಂತ ನನಗೆ ಹೇಳ್ಕೊಡ್ತೀಯಾ?"

ಅವನು ಚಪ್ಪಟೆಯಾದ ಡಬ್ಬವನ್ನು ಎತ್ತಿಕೊಂಡು ಹೋದ.

ಇನ್ನು ಅಲಂಕಾರ. ಬೈಕಿನ ಸಾಮಾನು ಮಾರುವ ಅಂಗಡಿಯೊಳಗೆ ನಾನು ಹೋದದ್ದು ಒಂದು ಹೆಲ್ಮೆಟ್ಟಿಗಾಗಿ. ಅಂಗಡಿಯ ಒಡತಿ ಬಲು ನಯವಾದ ಹೆಂಗಸು. "ಹೆಲ್ಮೆಟ್ ತಲೆ ಕಾಯುತ್ತೆ ಸಾರ್. ಮೊಣಕೈ ಯಾರು ಕಾಯ್ತಾರೆ?" ಎಂದರು. ಹೌದಲ್ಲ, ಯಾರು ಕಾಯುತ್ತಾರೆ? ಮೊಣಕೈ ಪಟ್ಟಿ ಬಂತು. "ಮೊಣಕಾಲು ಏನು ಪಾಪ ಮಾಡಿತ್ತು?" ಎಂದರು. ಅದರ ಪಟ್ಟಿಯೂ ಬಂತು. ಬೆನ್ನಿಗೆ ಒಳಪದರವಿರುವ ಜಾಕೆಟ್ಟು, ಬೆರಳಿನ ಗೆಣ್ಣಿಗೆ ಗಟ್ಟಿ ಚಿಪ್ಪಿರುವ ಕೈಗವಸು, ಮಂಜು ಸೀಳುವ ದೀಪ, ಬೈಕು ಬಿದ್ದರೆ ಇಂಜಿನ್ನನ್ನೂ ಕಾಲನ್ನೂ ಕಾಪಾಡುವ ದಪ್ಪ ಕಬ್ಬಿಣದ ಗಾರ್ಡು. ಹಿಂದೆ ಕೂರುವವರಿಗೆ ಒರಗಲು ಮೆತ್ತನೆಯ ದಿಂಬಿರುವ ಆಸರೆ. ಅದನ್ನು ನೋಡಿದಾಗ ಮಾತ್ರ ನಾನು ಬೆಲೆ ಕೇಳಲಿಲ್ಲ. ಅವಳಿಗೆಂದು ಬಿಳಿ ಬಣ್ಣದ ಎರಡನೆಯ ಹೆಲ್ಮೆಟ್ಟನ್ನೂ ಕೊಂಡೆ. ಕೊನೆಗೆ ಅವರು ಗಟ್ಟಿ ಚರ್ಮದ ಬೂಟು ತೋರಿಸಿದರು. ಬೆಲೆ ಕೇಳಿ ಒಂದು ಕ್ಷಣ ಕನಸಿನಿಂದ ಎಚ್ಚರವಾಯಿತು. "ಬೂಟು ಬೇಡ ಬಿಡಿ. ಪಾದಕ್ಕೆ ಏನಾಗುತ್ತೆ ಮಹಾ!" ಎಂದು ಚಪ್ಪಲಿಯಲ್ಲೇ ಹೊರಗೆ ಬಂದೆ.

ಮನೆಯಲ್ಲಿ ಒಟ್ಟು ಲೆಕ್ಕ ಕೇಳಿದ ಹೆಂಡತಿ ಕುರ್ಚಿಯ ಮೇಲೆ ಕೂತಳು.

"ಬೈಕಿನ ಬೆಲೆಗಿಂತ ಜಾಸ್ತಿ ಆಯ್ತು!"

"ಸುರಕ್ಷತೆಗೆ ಬೆಲೆ ಕಟ್ಟೋಕಾಗಲ್ಲ."

"ಕಟ್ಟಿದ್ದಾರಲ್ಲ, ಇಲ್ಲಿ ಬಿಲ್ಲಿದೆ. ನನ್ನ ಮದುವೇಲಿ ನಂಗೇ ಇಷ್ಟು ಒಡವೆ ಹಾಕಿರ್ಲಿಲ್ಲ!"

ಪೆಟ್ರೋಲ್ ಬಂಕಿನಲ್ಲೂ ನನ್ನ ಧಾರಾಳತನ ನಿಲ್ಲಲಿಲ್ಲ. "ಸಾದಾನಾ, ಸ್ಪೆಷಲ್ಲಾ?" ಎಂದು ಅಲ್ಲಿನ ಹುಡುಗಿ ಕೇಳಿದಳು. ಇಪ್ಪತ್ತಮೂರು ವರ್ಷದ ಕನಸಿಗೆ ಸಾದಾ ಪೆಟ್ರೋಲೇ? "ಸ್ಪೆಷಲ್! ಟ್ಯಾಂಕ್ ತುಂಬ!" ಎಂದೆ. ಭಾವಮೈದುನ ತಲೆ ಚಚ್ಚಿಕೊಂಡ. "ಭಾವ, ಅದು ದೊಡ್ಡ ದೊಡ್ಡ ಇಂಜಿನ್ನುಗಳಿಗೆ ಬೇಕಾದ್ದು. ನಿಮ್ಮ ಬೈಕಿಗೆ ಅದನ್ನ ಕುಡಿಸಿದ್ರೂ ಒಂದೇ, ಸಾದಾ ಕುಡಿಸಿದ್ರೂ ಒಂದೇ. ಅದಕ್ಕೆ ಗೊತ್ತೂ ಆಗಲ್ಲ." ಆದರೆ ನನಗೆ ಗೊತ್ತಾಯಿತು. ಸ್ಪೆಷಲ್ ಕುಡಿದ ಮೇಲೆ ಅದರ ಕೆಮ್ಮಿನಲ್ಲಿ ಒಂದು ಗಾಂಭೀರ್ಯ ಬಂದಿತ್ತು. ಹಾಗೆಂದು ನಾನು ಈಗಲೂ ನಂಬಿದ್ದೇನೆ.

ಕಲಿಯುವವರ ಲೈಸೆನ್ಸು ಬಂತು. ಪರೀಕ್ಷೆಯ ಹತ್ತು ದಿನಗಳು ಶುರುವಾದವು.

ಆ ದಿನಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಬೆಳಿಗ್ಗೆ ಆರೂವರೆ. ಬೀದಿಗಳು ಇನ್ನೂ ಆಕಳಿಸುತ್ತಿರುತ್ತವೆ. ಅಂಗಡಿಗಳ ಬಾಗಿಲ ಮುಂದೆ ಯಾರೋ ನೀರು ಹಾಕಿರುತ್ತಾರೆ. ಆ ಒದ್ದೆಯ ಮೇಲೆ ತಿಳಿ ಬೆಳಕು ಮಲಗಿರುತ್ತದೆ. ನಾನು ಅದರ ನಡುವೆ ಎರಡನೆಯ ಗೇರಿನಲ್ಲಿ, ಗಂಟೆಗೆ ಹದಿನೆಂಟು ಕಿಲೋಮೀಟರ್ ಭಯಂಕರ ವೇಗದಲ್ಲಿ ತೇಲುತ್ತೇನೆ. ಮೈಮೇಲೆ ಚಿಪ್ಪು, ಪಟ್ಟಿ, ಜಾಕೆಟ್ಟು. ಕಾಲಲ್ಲಿ ಚಪ್ಪಲಿ. ಪೇಪರ್ ಹಾಕುವವನು ಸೈಕಲ್ಲಿನಲ್ಲಿ ನನ್ನನ್ನು ಹಿಂದೆ ಹಾಕಿ ಮುಂದೆ ಹೋಗುತ್ತಾನೆ, ಹೋಗಲಿ ಬಿಡಿ. ನೀರಿನ ಟ್ಯಾಂಕಿನ ಹತ್ತಿರ ರಸ್ತೆ ಅರ್ಧಚಂದ್ರದಂತೆ ಬಳಸುತ್ತದೆ. ಅಲ್ಲಿ ತಿರುವಿನ ಆ ಕೊನೆ ನೋಡುತ್ತೇನೆ. ಬೈಕು ನನ್ನ ಮನಸ್ಸು ಓದಿದ ಹಾಗೆ ತಾನೇ ಬಾಗಿ ತಿರುಗುತ್ತದೆ. ಆ ಒಂದು ಕ್ಷಣ ನನಗೆ ತೂಕವಿರುವುದಿಲ್ಲ, ವಯಸ್ಸಿರುವುದಿಲ್ಲ, ಅಂಗಡಿಯ ಬಾಡಿಗೆ ಇರುವುದಿಲ್ಲ.

ಮನೆಗೆ ಬಂದರೆ ಹೆಂಡತಿ ಗೇಟಿನಲ್ಲಿ ನಿಂತಿರುತ್ತಿದ್ದಳು. ನನ್ನ ಮೊಣಕೈ, ಹೆಗಲು, ಪಕ್ಕೆಲುಬುಗಳನ್ನು ಒತ್ತಿ ನೋಡಿ, "ಹೂಂ" ಎಂದು ಎಕ್ಸ್‌ರೇ ಕವರೊಂದರ ಹಿಂದೆ ಒಂದು ಗೆರೆ ಎಳೆಯುತ್ತಿದ್ದಳು. ಒಂಬತ್ತು ಗೆರೆಗಳಾದವು. ಒಂಬತ್ತನೆಯ ದಿನ ಅವಳು ಬಿಳಿ ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಪ್ಲಾಸ್ಟಿಕ್ ಕವರು ಬಿಚ್ಚಿರಲಿಲ್ಲ. ನಾನು ಸದ್ದು ಮಾಡದೆ ಹಿಂದೆ ಸರಿದೆ. ಆ ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ.

ಹತ್ತನೆಯ ದಿನ ಅವಳಿಗೆ ಬೆಳಗಿನ ಡ್ಯೂಟಿ, ಕೊನೆಯ ಗೆರೆಯನ್ನು ಸಂಜೆ ಎಳೆಯುತ್ತೇನೆಂದು ನನಗಿಂತ ಮೊದಲೇ ಆಸ್ಪತ್ರೆಗೆ ಹೊರಟುಹೋಗಿದ್ದಳು. ನಾನು ಟ್ಯಾಂಕ್ ಮುಟ್ಟಿ ತಿರುಗಿದ್ದೆ. ಮನೆಗೆ ಇನ್ನು ಎರಡು ಬೀದಿ. ಎದುರಿನಿಂದ ಡ್ರಾಯಿಂಗ್ ಮೇಷ್ಟ್ರು ವಾಕಿಂಗ್ ಬರುತ್ತಿದ್ದರು. ನಿವೃತ್ತರು, ಎತ್ತರದ ಆಳು, ನನ್ನ ಹಳೆಯ ಗಿರಾಕಿ. ಹದಿನೈದು ದಿನದ ಹಿಂದೆ ಅವರಿಗೆ ಹೊಸ ಕನ್ನಡಕ ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, "ಅದ್ಭುತ!" ಎಂದಿದ್ದೆ.

ಆ ಕನ್ನಡಕ ಈಗ ಓರೆಯಾಗಿತ್ತು!

ಸಣ್ಣ ಓರೆಯಲ್ಲ. ಬಲಗಡೆ ಹುಬ್ಬಿನ ಮೇಲೆ, ಎಡಗಡೆ ಕೆನ್ನೆಯ ಹತ್ತಿರ. ಹಾಕಿಕೊಂಡೇ ಮಲಗಿದ್ದರೋ ಏನೋ. ನನ್ನ ಕೈಯಿಂದ ಹೋದ ಕನ್ನಡಕ, ನಡುಬೀದಿಯಲ್ಲಿ, ನಾಲ್ಕು ಜನ ನೋಡುವ ಹಾಗೆ! ರಸ್ತೆ ಮಾಯವಾಯಿತು, ಮೇಷ್ಟ್ರು ಮಾಯವಾದರು, ಜಗತ್ತಿನಲ್ಲಿ ಆ ಓರೆ ಕನ್ನಡಕವೊಂದೇ ಉಳಿಯಿತು. ಕಣ್ಣು ಅಲ್ಲೇ ನೆಟ್ಟಿತು. ಕಣ್ಣು ಹೋದ ಕಡೆ ಬೈಕು ಹೊರಟಿತು.

ಮೇಷ್ಟ್ರು ನನ್ನನ್ನು ನೋಡಿ ಮುಗುಳ್ನಕ್ಕು ಎಡಕ್ಕೆ ಸರಿದರು. ಕನ್ನಡಕ ಎಡಕ್ಕೆ ಸರಿಯಿತು, ಬೈಕೂ ಸರಿಯಿತು. ಅವರ ನಗು ಮಾಯವಾಯಿತು. ಬಲಕ್ಕೆ ಹಾರಿದರು. ನಾವೂ ಬಲಕ್ಕೆ.

"ಏನ್ರೀ ಇದು? ನಾನೇನು ಮಾಡಿದ್ದೀನಿ ನಿಮಗೆ?" ಎಂದು ಕೂಗಿದರು.

"ಮೇಷ್ಟ್ರೇ, ಕನ್ನಡಕ! ಕನ್ನಡಕ!" ಎಂದು ನಾನು ಕೂಗಿದೆ.

ಅವರು ಓಡತೊಡಗಿದರು. ಓಡುವಾಗಲೂ ಹಿಂತಿರುಗಿ ಹಿಂತಿರುಗಿ ನೋಡುತ್ತಿದ್ದರು. ಅದೇ ತಪ್ಪಾಯಿತು. ತಿರುಗಿದಾಗಲೆಲ್ಲ ಕನ್ನಡಕ ಕಾಣುತ್ತಿತ್ತು! ಬ್ರೇಕ್ ಹಿಡಿಯಬೇಕೆಂದು ನೆನಪಾಗಿ ಬಲಗೈ ಬಿಗಿಹಿಡಿದೆ. ಗಾಬರಿಯಲ್ಲಿ ಹಿಡಿದದ್ದು ಬ್ರೇಕನ್ನಲ್ಲ, ತಿರುಚಿದ್ದು ಆಕ್ಸಿಲರೇಟರನ್ನು. ಮೇಷ್ಟ್ರು ರಸ್ತೆ ಪಕ್ಕದ ಲಾಂಡ್ರಿಯ ಬಯಲಿಗೆ ನುಗ್ಗಿ, ಬಟ್ಟೆ ಒಣಹಾಕುವ ಹಗ್ಗಗಳ ಹಿಂದೆ ಅಡಗಿದರು. ನಾನು ಹಿಂದೆಯೇ ನುಗ್ಗಿದೆ.

ಮುಂದಿನದನ್ನು ಹೇಗೆ ಹೇಳಲಿ? ಅಲ್ಲಿ ಸಾಲು ಸಾಲಾಗಿ ಬಿಳಿಯ ಬೆಡ್‌ಶೀಟುಗಳು ಒಣಗುತ್ತಿದ್ದವು. ಎಳೆಬಿಸಿಲು ಅವುಗಳ ಒಳಗಿನಿಂದ ಸೋಸಿ ಬರುತ್ತಿತ್ತು. ಮೊದಲನೆಯದು ತಣ್ಣಗೆ ಮುಖಕ್ಕೆ ತಾಗಿ ಪಕ್ಕಕ್ಕೆ ಸರಿಯಿತು. ಆಮೇಲೆ ಎರಡನೆಯದು, ಮೂರನೆಯದು. ಎಲ್ಲೆಲ್ಲೂ ಬಿಳಿ ಬೆಳಕು, ಸೋಪಿನ ಪರಿಮಳ, ಸದ್ದೇ ಇಲ್ಲದ ಲೋಕ. ಮೋಡಗಳ ನಡುವೆ ಬೈಕು ಓಡಿಸುತ್ತಿದ್ದೇನೆ ಎಂದುಕೊಂಡೆ. ನನಗೆ ಎಳ್ಳಷ್ಟೂ ಹೆದರಿಕೆಯಾಗಲಿಲ್ಲ. ಇಷ್ಟು ಚೆಂದವಿರುವಾಗ ಹೆಂಡತಿಯನ್ನು ಇವತ್ತೇ ಕರೆತರಬೇಕಿತ್ತು ಎಂದು ಮಾತ್ರ ಅನಿಸಿತು. ನಾಲ್ಕನೆಯ ಬೆಡ್‌ಶೀಟು ನನ್ನನ್ನು ಹಗ್ಗ ಸಮೇತ ಸುತ್ತಿಕೊಂಡಿತು. ಬೈಕು ಒಂದು ಸಲ ಗಂಭೀರವಾಗಿ ಕೆಮ್ಮಿ ಪಕ್ಕಕ್ಕೆ ಮಲಗಿತು.

"ಯಾರ್ರೀ ಅದು ಒಳಗಡೆ?" ಎಂದು ಲಾಂಡ್ರಿಯವನ ದನಿ ಕೇಳಿತು. "ಬೇಗ ಹೊರಗೆ ಬನ್ನಿ ಸ್ವಾಮಿ! ಅವು ಆಸ್ಪತ್ರೆ ಬೆಡ್‌ಶೀಟು, ಇವತ್ತು ಕೊಡ್ಬೇಕು!"

"ನಾನೂ ಅಲ್ಲಿಗೇ ಹೋಗ್ಬೇಕು ಅನ್ಸುತ್ತೆ" ಎಂದು ಒಳಗಿನಿಂದ ಹೇಳಿದೆ. ಎಡಗಾಲಿನ ಕಿರುಬೆರಳು ಬೆಂಕಿಯಾಗಿತ್ತು.

ಬೆಡ್‌ಶೀಟು ಬಿಡಿಸಿದವರು ಡ್ರಾಯಿಂಗ್ ಮೇಷ್ಟ್ರೇ. ಅವರ ಮುಖ ನನ್ನ ಮುಖದ ಮೇಲೆ ಬಾಗಿತು. ನಾನು ಮಲಗಿದ್ದಲ್ಲಿಂದಲೇ ಎರಡೂ ಕೈ ಎತ್ತಿ, ಅವರ ಕನ್ನಡಕ ತೆಗೆದು, ಕಡ್ಡಿಯನ್ನು ಹದವಾಗಿ ಬಗ್ಗಿಸಿ, ಮತ್ತೆ ಕಿವಿಗೆ ಸಿಕ್ಕಿಸಿ, ಒಂದು ಕಣ್ಣು ಮುಚ್ಚಿ ನೋಡಿದೆ.

"ಈಗ ಸರಿಯಾಯ್ತು" ಎಂದೆ.

"ಇದನ್ನ ಹೇಳೋಕೆ ಇಷ್ಟು ದೂರ ಅಟ್ಟಿಸ್ಕೊಂಡು ಬಂದ್ರಾ?" ಎಂದು ಮೇಷ್ಟ್ರು ಅಲ್ಲೇ ನೆಲದ ಮೇಲೆ ಕೂತರು.

ಲಾಂಡ್ರಿಯವನು ಒಳ್ಳೆಯವನು. ಮಡಿಸಿಟ್ಟಿದ್ದ ಬೆಡ್‌ಶೀಟುಗಳನ್ನು ಮೂರು ಚಕ್ರದ ಗಾಡಿಗೆ ತುಂಬುವಾಗ ನನ್ನನ್ನೂ ಅವುಗಳ ಮೇಲೆ ಹಾಕಿಕೊಂಡ. ಆಸ್ಪತ್ರೆಯ ಹಿಂಬಾಗಿಲಲ್ಲಿ ನಾವೆಲ್ಲ ಒಟ್ಟಿಗೆ ಡೆಲಿವರಿಯಾದೆವು. ಗಾಲಿಕುರ್ಚಿಯೊಂದು ನನ್ನನ್ನು ಹೊತ್ತು ಉದ್ದನೆಯ ಕಾರಿಡಾರಿನಲ್ಲಿ ಉರುಳುತ್ತ, ಎಲ್ಲಿಗೆ ಹೋಗಬಾರದೆಂದು ನಾನು ಬೇಡಿಕೊಳ್ಳುತ್ತಿದ್ದೆನೋ ಅದೇ ಕೋಣೆಗೆ ಹೋಗಿ ನಿಂತಿತು. ಹೆಲ್ಮೆಟ್ಟಿನ ಕೊಂಡಿ ಜಾಮ್ ಆಗಿ ಅದಿನ್ನೂ ತಲೆಯ ಮೇಲೇ ಇತ್ತು. ಅಷ್ಟೇ ನನ್ನ ಭಾಗ್ಯ. ಅವಳು ಬೆನ್ನು ತಿರುಗಿಸಿ ಯಂತ್ರದಲ್ಲಿ ಏನೋ ಸರಿಮಾಡುತ್ತಿದ್ದಳು.

"ಎಲ್ಲಿ ನೋವು?"

"ಕಾಲು" ಎಂದೆ, ಆದಷ್ಟು ದಪ್ಪ ದನಿಯಲ್ಲಿ.

"ಬೈಕಾ?"

"ಹೂಂ."

"ವಯಸ್ಸು?"

"ನಲವತ್ತೊಂಬತ್ತು."

"ಈ ವಯಸ್ಸಲ್ಲಿ ನಿಮಗೂ ಬೇಕಿತ್ತಾ? ನಮ್ಮನೇಲೂ ಒಬ್ರಿದ್ದಾರೆ. ಆದ್ರೆ ಅವ್ರು ಪರವಾಗಿಲ್ಲ, ಕಲ್ತಿದ್ದಾರೆ. ಇವತ್ತು ಸಂಜೆ ನನ್ನನ್ನ ಕೂರಿಸ್ಕೊಂಡು ಹೋಗ್ತಾರೆ."

ಹೇಳುವಾಗ ಅವಳ ದನಿಯಲ್ಲಿ ಒಂದು ಹೆಮ್ಮೆಯಿತ್ತು. ಇಪ್ಪತ್ತಮೂರು ವರ್ಷದಲ್ಲಿ ನಾನು ಆ ದನಿಯನ್ನು ಎರಡೋ ಮೂರೋ ಸಲ ಕೇಳಿರಬೇಕು. ನನಗೆ ಅಳು ಬಂತು. ಬೆರಳು ನೋಯುತ್ತಿದ್ದದ್ದಕ್ಕಲ್ಲ.

"ಏನು ನೋಡ್ಕೊಂಡು ಓಡಿಸ್ತಿದ್ರಿ?" ಎನ್ನುತ್ತ ಅವಳು ತಿರುಗಿದಳು.

"ಕನ್ನಡಕ" ಎಂದೆ.

ಅವಳು ಹತ್ತಿರ ಬಂದು ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು. ನೋಡಿದಳು. ಮತ್ತೆ ಗಾಜನ್ನು ಕೆಳಗೆ ಎಳೆದುಬಿಟ್ಟಳು.

"ಉಸಿರು ಹಿಡ್ಕೊಳ್ಳಿ. ಅಲುಗಾಡ್ಬೇಡಿ" ಎಂದಳು.

"ಕಾಲಿಗೆ ಉಸಿರು ಯಾಕೆ ಹಿಡಿಬೇಕು ಕಣೇ?"

"ಮಾತು ನಿಲ್ಲಲಿ ಅಂತ."

ಮೊಣಕೈಗೆ ಏನೂ ಆಗಿರಲಿಲ್ಲ, ಮೊಣಕಾಲಿಗೆ ಆಗಿರಲಿಲ್ಲ, ಬೆನ್ನಿಗೆ ಆಗಿರಲಿಲ್ಲ. ಕಿರುಬೆರಳು ಮಾತ್ರ ಎರಡು ತುಂಡಾಗಿತ್ತು. ಅದನ್ನು ಮುರಿದದ್ದು ಬೇರೆ ಯಾವುದೂ ಅಲ್ಲ, ಕಾಲು ಕಾಯಲೆಂದು ಹಾಕಿಸಿದ್ದ ಆ ದಪ್ಪ ಕಬ್ಬಿಣದ ಗಾರ್ಡು! ಚಪ್ಪಲಿಯಲ್ಲಿದ್ದ ಬೆರಳು ಅದರ ಕೆಳಗೇ ಸಿಕ್ಕಿಕೊಂಡಿತ್ತು.

ಆಮೇಲೆ ಮೂರು ವಾರ ಮನೆಯಲ್ಲಿ ಬೈಕಿನ ಮಾತು ಬರಲಿಲ್ಲ. ಅವಳು ಬೈದಿದ್ದರೆ ಎಷ್ಟೋ ಸುಖವಿತ್ತು. ಬೈಯಲಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟಳು, ಕಾಲ ಕೆಳಗೆ ದಿಂಬಿಟ್ಟಳು, ಹವಾಮಾನದ ಬಗ್ಗೆ ಮಾತಾಡಿದಳು. ಬಿಳಿ ಹೆಲ್ಮೆಟ್ಟು ಬೀರುವಿನ ಮೇಲೆ ಹಳೆಯ ಸೂಟ್‌ಕೇಸಿನ ಹಿಂದೆ ಹೋಯಿತು. ಭಾವಮೈದುನ ಬೈಕಿನ ಹ್ಯಾಂಡಲ್ ಸರಿಮಾಡಿ, ಉಳಿದಿದ್ದ ಸ್ಪೆಷಲ್ ಪೆಟ್ರೋಲನ್ನೆಲ್ಲ ತನ್ನ ಬೈಕಿಗೆ ಇಳಿಸಿಕೊಂಡು, ನಮ್ಮ ಅಂಗಳದಲ್ಲಿ ನಡುಸ್ಟ್ಯಾಂಡ್ ಹಾಕಿ ನಿಲ್ಲಿಸಿದ. "ಸೋಮವಾರ ಗಿರಾಕಿ ಕರ್ಕೊಂಡು ಬರ್ತೀನಿ ಭಾವ. ಮಾರಿಬಿಡೋಣ" ಎಂದ. ನಾನು ತಲೆಯಾಡಿಸಿದೆ. ಇನ್ನೇನು ಹೇಳಲು ನನಗೆ ಮುಖವಿತ್ತು?

ಭಾನುವಾರ ಇಳಿಹೊತ್ತು. ಅಂಗಳದ ತುಂಬ ಹೊಂಬಿಸಿಲು. ಕೊನೆಯ ಸಲ ಒಮ್ಮೆ ಕೂತು ನೋಡೋಣವೆಂದು, ಕಟ್ಟು ಹಾಕಿದ ಕಾಲನ್ನು ಹೇಗೋ ಆಚೆ ಹಾಕಿ ಬೈಕು ಹತ್ತಿದೆ. ಹ್ಯಾಂಡಲ್ ಹಿಡಿದುಕೊಂಡೆ. ಹಾಗೇ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಒಳಗೆ ಬೀರುವಿನ ಮೇಲಿಂದ ಏನೋ ಸರಿದ ಸದ್ದಾಯಿತು. ಪ್ಲಾಸ್ಟಿಕ್ ಕವರು ಹರಿದ ಸದ್ದಾಯಿತು. ಬೈಕು ಒಂದು ಸಲ ಅಲುಗಿತು. ಹಿಂದಿನಿಂದ ಒಂದು ಕೈ ನನ್ನ ಹೆಗಲಿಗೆ ಬಂತು.

"ಹೂಂ, ಹೊರಡಿ" ಎಂದಳು ಹೆಂಡತಿ, ಹೆಲ್ಮೆಟ್ಟಿನ ಒಳಗಿನಿಂದ.

"ಸ್ಟ್ಯಾಂಡ್ ಹಾಕಿದೆ ಕಣೇ" ಎಂದೆ.

"ಗೊತ್ತು. ಅದಕ್ಕೇ ಹತ್ತಿದ್ದು."

"ಪೆಟ್ರೋಲೂ ಇಲ್ಲ."

"ಒಳ್ಳೇದಾಯ್ತು. ತಮ್ಮನಿಗೆ ಫೋನ್ ಮಾಡಿದ್ದೆ, ಗಿರಾಕಿ ಬೇಡ ಅಂತ ಹೇಳಿದ್ದೀನಿ."

"ಅಂದ್ರೆ... ನಾನು ಮತ್ತೆ ರಸ್ತೆಗೆ?"

"ಇಲ್ಲ."

"ಮತ್ತೆ?"

"ವಾರಕ್ಕೊಂದ್ಸಲ ಹೀಗೆ. ಹೊತ್ತಾಯ್ತು, ಹೊರಡ್ತೀರೋ ಇಲ್ವೋ?"

ಹೊರಟೆವು. ಮೊದಲು ನಮ್ಮ ಬೀದಿ, ಆಮೇಲೆ ದೊಡ್ಡ ರಸ್ತೆ. ಮೂರನೆಯ ಗೇರು ಹಾಕಿದೆ, ನಾಲ್ಕನೆಯದನ್ನೂ ಹಾಕಿದೆ. ಊರು ಹಿಂದೆ ಉಳಿಯಿತು. "ಈಗ ಎಲ್ಲಿದ್ದೀವಿ?" ಎಂದು ಅವಳು ಕೇಳಿದಳು. "ಗುಡ್ಡ ಹತ್ತುತ್ತಿದ್ದೀವಿ" ಎಂದೆ. "ಚಳಿ ಇದೆ" ಎಂದಳು. ನಿಜವಾಗಿಯೂ ಒಂದು ಗಾಳಿ ಬೀಸಿ ಹೋಯಿತು. ಅವಳ ಹೆಲ್ಮೆಟ್ಟು ಮೆಲ್ಲಗೆ ನನ್ನ ಬೆನ್ನಿಗೆ ಒರಗಿತು. ನಿದ್ದೆ ಬಂದಿರಬೇಕು. ಕೆರೆಯ ನೀರು ದೂರದಲ್ಲಿ ಮಿನುಗಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಸಂತೋಷ ತಡೆಯಲಾರದೆ ಆಕ್ಸಿಲರೇಟರನ್ನು ಇನ್ನಷ್ಟು ತಿರುಚಿದೆ.

ಹೆಗಲ ಮೇಲಿದ್ದ ಕೈ ತಟ್ಟನೆ ಬಿಗಿಯಿತು.

"ರೀ, ಸ್ವಲ್ಪ ನಿಧಾನ! ನಿಮ್ಮ ಹಿಂದೆ ಕೂರೋಕೆ ಭಯ ಆಗುತ್ತೆ."

ಇಂಜಿನ್ನು ಶುರುವೇ ಆಗಿರಲಿಲ್ಲ, ಹಿಂದಿನ ಚಕ್ರ ನೆಲದಿಂದ ನಾಲ್ಕು ಬೆರಳು ಮೇಲಿತ್ತು. ನಾನು ಎರಡೂ ಬ್ರೇಕು ಹಿಡಿದೆ.